ಗೋಲು ಬೀಳುವ ಹತ್ತು ಸೆಕೆಂಡು ಮುಂಚೆ: ಮೊಬೈಲ್ ವಿಡಿಯೊ ನೋಡಿ ಫುಟ್‌ಬಾಲ್ ಆಟ ತಿದ್ದಿಕೊಳ್ಳುವ ಬಗೆ

"ಯಾವ ಕ್ಯಾಮೆರಾ ಕೊಳ್ಳಲಿ?" ಊರಿನ ತಂಡ ನಡೆಸುವವರು, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಆಡುವ ಮಕ್ಕಳ ತಂದೆ ತಾಯಂದಿರು ನನಗೆ ಬರೆದು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು ಆರು ತಿಂಗಳ ನಂತರ ಬರುತ್ತದೆ: "ಹತ್ತು ಪಂದ್ಯದ ವಿಡಿಯೊ ಇದೆ, ಈಗ ಏನು ಮಾಡುವುದು?" ಮೊದಲನೆಯದಕ್ಕೆ ಉತ್ತರ ಸುಲಭ. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಸಾಕು. ಎರಡನೆಯದಕ್ಕೆ ಉತ್ತರ ಉದ್ದವಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಇಡುತ್ತಿದ್ದೇನೆ.

ವಿಡಿಯೊ ಯಾಕೆ ಬೇಕು ಎಂಬ ಅನುಮಾನ ಇನ್ನೂ ಇರುವವರಿಗೆ ಒಂದು ಮಾತು. ಪಂದ್ಯ ಮುಗಿದ ಮೇಲೆ ನಮಗೆ ಎಲ್ಲವೂ ನೆನಪಿದೆ ಎಂದುಕೊಳ್ಳುತ್ತೇವೆ. ಇಯಾನ್ ಫ್ರ್ಯಾಂಕ್ಸ್ ಮತ್ತು ಗ್ಯಾರಿ ಮಿಲ್ಲರ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫುಟ್‌ಬಾಲ್ ಪಂದ್ಯದ ಒಂದು ಅರ್ಧವನ್ನು ನೋಡಿದವರು ಅದರ ಮುಖ್ಯ ಘಟನೆಗಳಲ್ಲಿ ಅರ್ಧದಷ್ಟನ್ನೂ ಸರಿಯಾಗಿ ಹೇಳಲಾರದೆ ಹೋದರು. ಗೋಲು ನೆನಪಿರುತ್ತದೆ, ಜಗಳ ನೆನಪಿರುತ್ತದೆ, ನಮಗೆ ಆಗದ ಹುಡುಗ ಮಾಡಿದ ತಪ್ಪು ಚೆನ್ನಾಗಿಯೇ ನೆನಪಿರುತ್ತದೆ. ಇನ್ನೊಂದು ಲೆಕ್ಕ: 90 ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಿನಲ್ಲಿ ಚೆಂಡು ಇರುವುದು ಒಟ್ಟು ಎರಡು ಮೂರು ನಿಮಿಷ ಮಾತ್ರ. ಉಳಿದ ಹೊತ್ತು ಅವನು ಎಲ್ಲಿ ನಿಂತಿದ್ದ, ಯಾವ ಕಡೆ ನೋಡುತ್ತಿದ್ದ, ಯಾವಾಗ ಓಡಿದ ಎಂಬುದು ಅಂಚಿನಲ್ಲಿ ನಿಂತು ಚೆಂಡನ್ನೇ ನೋಡುವ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆಟ ಸುಧಾರಿಸುವುದು ಆ ಉಳಿದ ಹೊತ್ತಿನಲ್ಲಿ.

ಬೇಕಾಗುವ ವಸ್ತುಗಳು

ಒಂದು ಮೊಬೈಲ್, ಅದಕ್ಕೆ ಗಟ್ಟಿಯಾದ ಟ್ರೈಪಾಡ್, ಒಂದು ಪವರ್ ಬ್ಯಾಂಕ್, ಒಂದು ಲ್ಯಾಪ್‌ಟಾಪ್, ಒಂದು ನೋಟ್‌ಬುಕ್. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಇರಲಿ. ಅದು ಉಚಿತ. ತುಣುಕು ಕತ್ತರಿಸಲು ಲಾಸ್‌ಲೆಸ್‌ಕಟ್, ಒಬ್ಬ ಆಟಗಾರನ ಚಲನೆಯನ್ನು ನಿಧಾನವಾಗಿ ನೋಡಿ ಗೆರೆ ಎಳೆಯಲು ಕಿನೋವಿಯಾ, ಇವೆರಡೂ ಉಚಿತವಾಗಿ ಸಿಗುತ್ತವೆ. ಕಿನೋವಿಯಾ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ವೃತ್ತಿಪರ ಕ್ಲಬ್‌ಗಳು ಬಳಸುವ ಹಡಲ್, ನ್ಯಾಕ್‌ಸ್ಪೋರ್ಟ್‌ನಂಥ ತಂತ್ರಾಂಶಗಳೂ, ತಾನಾಗಿಯೇ ಆಟವನ್ನು ಹಿಂಬಾಲಿಸುವ ವಿಯೊ ಕ್ಯಾಮೆರಾದಂಥ ಉಪಕರಣಗಳೂ ಇವೆ. ಅವು ಒಳ್ಳೆಯವೇ, ಆದರೆ ಮೊದಲ ವರ್ಷ ಬೇಡ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಲು ಬಾರದವರಿಗೆ ದುಬಾರಿ ತಂತ್ರಾಂಶ ಏನೂ ಕಲಿಸುವುದಿಲ್ಲ. ಅದೇ ಹಣದಲ್ಲಿ ಚೆಂಡು ಕೊಳ್ಳಿ.

ಹಂತ 1: ಪಂದ್ಯಕ್ಕೆ ಮುಂಚೆ ಒಂದು ಪ್ರಶ್ನೆ ಬರೆಯಿರಿ

ಚೀಟಿಯಲ್ಲಿ ಒಂದೇ ಪ್ರಶ್ನೆ, ಹೆಚ್ಚೆಂದರೆ ಎರಡು. "ನಮ್ಮ ತಂಡ ಹೇಗೆ ಆಡಿತು?" ಎಂಬುದು ಪ್ರಶ್ನೆಯಲ್ಲ, ಅದಕ್ಕೆ ವಿಡಿಯೊ ಉತ್ತರ ಕೊಡಲಾರದು. ಹೀಗೆ ಕೇಳಿ: "ಚೆಂಡು ಕಳೆದುಕೊಂಡ ಮೊದಲ ಐದು ಸೆಕೆಂಡಿನಲ್ಲಿ ನಮ್ಮವರು ಏನು ಮಾಡುತ್ತಾರೆ?" "ಗೋಲ್‌ಕೀಪರ್ ಉದ್ದ ಒದ್ದ ಚೆಂಡಿನಲ್ಲಿ ಎಷ್ಟು ನಮಗೆ ಉಳಿಯುತ್ತದೆ?" "ಎದುರಾಳಿಗೆ ಕಾರ್ನರ್ ಸಿಕ್ಕಾಗ ನಮ್ಮ ಗೋಲಿನ ದೂರದ ಕಂಬದ ಬಳಿ ಯಾರಿರುತ್ತಾರೆ?" ಇಂಥ ಪ್ರಶ್ನೆಯಿದ್ದರೆ 90 ನಿಮಿಷದ ವಿಡಿಯೊದಲ್ಲಿ ಎಲ್ಲಿ ನೋಡಬೇಕು ಎಂಬುದು ಆಗಲೇ ತೀರ್ಮಾನವಾಗಿರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಪ್ರಶ್ನೆಯಿಲ್ಲದೆ ವಿಡಿಯೊ ಹಾಕಿದರೆ ಅದು ಸಿನಿಮಾ ನೋಡಿದಂತೆ ಆಗುತ್ತದೆ. ಕೊನೆಯಲ್ಲಿ ಕೈಗೆ ಸಿಗುವುದು ಗೋಲುಗಳ ನೆನಪು ಮಾತ್ರ, ಅದು ವಿಡಿಯೊ ಇಲ್ಲದೆಯೂ ನಿಮ್ಮಲ್ಲಿತ್ತು.

ಹಂತ 2: ಕ್ಯಾಮೆರಾಗೆ ಜಾಗ ಹುಡುಕಿ

ಎತ್ತರವೇ ಎಲ್ಲ. ನೆಲದ ಮಟ್ಟದಿಂದ ತೆಗೆದ ವಿಡಿಯೊದಲ್ಲಿ ಹತ್ತಿರದ ಆಟಗಾರರು ದೂರದವರನ್ನು ಮರೆಮಾಡುತ್ತಾರೆ. ಇಬ್ಬರ ನಡುವೆ ಐದು ಮೀಟರ್ ಅಂತರವಿದೆಯೋ ಇಪ್ಪತ್ತು ಮೀಟರ್ ಇದೆಯೋ ತಿಳಿಯುವುದಿಲ್ಲ. ಒಂದು ಮಹಡಿಯಷ್ಟು, ಅಂದರೆ ನಾಲ್ಕೈದು ಮೀಟರ್ ಮೇಲೇರಿದರೂ ಆಟದ ನಕ್ಷೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ.

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿರುವಂತೆ ಗ್ಯಾಲರಿ ಇದ್ದರೆ ಮೇಲಿನ ಸಾಲಿಗೆ ಹೋಗಿ. ನಮ್ಮ ಹೆಚ್ಚಿನ ಜಿಲ್ಲಾ ಮೈದಾನಗಳಲ್ಲಿ ಆ ಭಾಗ್ಯವಿಲ್ಲ. ಹಾಗಿದ್ದಲ್ಲಿ ಪಕ್ಕದ ಶಾಲೆಯ ತಾರಸಿ, ಹಾಸ್ಟೆಲಿನ ಮೊದಲ ಮಹಡಿಯ ವರಾಂಡ, ಧ್ವಜಸ್ತಂಭದ ಕಟ್ಟೆ, ಮಣ್ಣಿನ ದಿಬ್ಬ, ಇವುಗಳಲ್ಲಿ ಯಾವುದು ಸಿಗುತ್ತದೆ ಎಂದು ಹಿಂದಿನ ದಿನವೇ ಹೋಗಿ ನೋಡಿ, ಅನುಮತಿ ಪಡೆಯಿರಿ. ಕಾಂಪೌಂಡ್ ಗೋಡೆಯ ಮೇಲೆ, ಏಣಿಯ ಮೇಲೆ, ನೀರಿನ ಟ್ಯಾಂಕಿನ ಮೇಲೆ ಹುಡುಗರನ್ನು ಹತ್ತಿಸಬೇಡಿ. ಯಾವ ವಿಡಿಯೊಗೂ ಅಷ್ಟು ಬೆಲೆಯಿಲ್ಲ.

ನಿಲ್ಲಬೇಕಾದದ್ದು ಮಧ್ಯರೇಖೆಯ ನೇರಕ್ಕೆ, ಅಂಚಿನ ಗೆರೆಯಿಂದ ಸಾಧ್ಯವಾದಷ್ಟು ಹಿಂದೆ. ನಮ್ಮಲ್ಲಿ ಪಂದ್ಯಗಳು ಹೆಚ್ಚಾಗಿ ಸಂಜೆ ನಡೆಯುವುದರಿಂದ ಮೈದಾನದ ಪಶ್ಚಿಮ ಬದಿಯನ್ನು ಹಿಡಿಯಿರಿ. ಸೂರ್ಯ ಬೆನ್ನಿಗಿರಬೇಕು. ಎದುರಿಗಿದ್ದರೆ ಆಟಗಾರರು ಕಪ್ಪು ನೆರಳುಗಳಾಗಿ ಕಾಣುತ್ತಾರೆ, ಅಂಗಿಯ ಸಂಖ್ಯೆ ಓದಲಾಗುವುದಿಲ್ಲ.

ಗೋಲಿನ ಹಿಂದಿನಿಂದ ತೆಗೆದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಡಿಫೆಂಡರ್‌ಗಳ ನಡುವಿನ ಅಗಲದ ಅಂತರ ನೋಡಲು ಆ ಕೋನ ಚೆನ್ನಾಗಿಯೇ ಇದೆ, ಗೋಲ್‌ಕೀಪರ್ ಅಭ್ಯಾಸಕ್ಕಂತೂ ಬಹಳ ಒಳ್ಳೆಯದು. ಆದರೆ ಒಂದೇ ಕ್ಯಾಮೆರಾ ಇದ್ದಾಗ ಮಧ್ಯರೇಖೆಯೇ ಸರಿ.

ಹಂತ 3: ಚಿತ್ರೀಕರಣ

ಆರಂಭಕ್ಕೆ ಹತ್ತು ನಿಮಿಷ ಮುಂಚೆ ಈ ಕೆಲಸಗಳು ಮುಗಿದಿರಲಿ:

- ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲವಾದರೆ 40ನೇ ನಿಮಿಷಕ್ಕೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಂತಿರುತ್ತದೆ.
- 1080ಪಿ ಗುಣಮಟ್ಟ, ಸೆಕೆಂಡಿಗೆ 30 ಫ್ರೇಮ್ ಸಾಕು. ಫ್ರೇಮ್ ಎಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ. ಈ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಬೇಕು, ಪೂರ್ತಿ ಪಂದ್ಯಕ್ಕೆ ಆರರಿಂದ ಹನ್ನೆರಡು ಜಿಬಿ. ಅಷ್ಟು ಜಾಗ ಖಾಲಿ ಇದೆಯೇ ನೋಡಿಕೊಳ್ಳಿ.
- ಮೊಬೈಲ್ ಅಡ್ಡಲಾಗಿರಲಿ.
- ಬಿಸಿಲಿನಲ್ಲಿ ಮೊಬೈಲ್ ಕಾದು ತಾನಾಗಿಯೇ ಸ್ಥಗಿತವಾಗುತ್ತದೆ. ಮೇಲೊಂದು ಕೊಡೆ ಕಟ್ಟಿ, ಕವಚ ತೆಗೆದಿಡಿ. ಮಳೆಗಾಲದಲ್ಲೂ ಆ ಕೊಡೆಯೇ ನಿಮ್ಮನ್ನು ಕಾಯುತ್ತದೆ.

ಇನ್ನು ಕ್ಯಾಮೆರಾ ತಿರುಗಿಸುವವರಿಗೆ. ಟಿವಿಯಲ್ಲಿ ನೋಡಿದಂತೆ ಚೆಂಡಿನ ಹಿಂದೆ ಹೋಗಬೇಡಿ. ಚೌಕಟ್ಟಿನೊಳಗೆ ನಮ್ಮ ಕೊನೆಯ ಡಿಫೆಂಡರ್‌ನಿಂದ ಅವರ ಕೊನೆಯ ಡಿಫೆಂಡರ್‌ವರೆಗೆ, ಇಪ್ಪತ್ತು ಮಂದಿಯೂ ಇರಬೇಕು. ಆಗದಿದ್ದರೆ ಕನಿಷ್ಠ ಚೆಂಡಿನ ಸುತ್ತಲಿನ ಹದಿನಾಲ್ಕು ಹದಿನೈದು ಮಂದಿ ಇರಲಿ. ಜೂಮ್ ಮಾಡಬೇಡಿ. ನಿಧಾನವಾಗಿ ತಿರುಗಿಸಿ. ಆಟಗಾರರು ಚಿಕ್ಕದಾಗಿ ಕಾಣುತ್ತಾರೆ ಎಂದು ಮೊದಮೊದಲು ಬೇಸರವಾಗುತ್ತದೆ, ಮುಂದಿನ ಹಂತಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಗೋಲು ಬಿದ್ದಾಗ ಕ್ಯಾಮೆರಾ ಬಿಟ್ಟು ಕುಣಿಯಬೇಡಿ ಎಂದು ಹುಡುಗರಿಗೆ ಹೇಳಿಟ್ಟಿರಿ. ಗೋಲಿನ ನಂತರದ ಮರುಆರಂಭದಲ್ಲಿ ತಂಡ ಹೇಗೆ ನಿಂತಿತ್ತು ಎಂಬುದು ನೋಡಲೇಬೇಕಾದ ಸಂಗತಿ.

ಎರಡು ಎಚ್ಚರಿಕೆ. ಹದಿನೆಂಟು ತುಂಬದ ಮಕ್ಕಳನ್ನು ಚಿತ್ರೀಕರಿಸುವ ಮುನ್ನ ಪೋಷಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎದುರಾಳಿ ತಂಡದ ಕೋಚ್‌ಗೂ ಮೊದಲೇ ಹೇಳಿ, ಬೇಕಿದ್ದರೆ ವಿಡಿಯೊದ ಪ್ರತಿ ಕೊಡುತ್ತೇವೆ ಎನ್ನಿ. ನನ್ನ ಅನುಭವದಲ್ಲಿ ಬೇಡ ಎಂದವರು ಬಹಳ ಕಡಿಮೆ. ಎರಡನೆಯದು, ಮೊಬೈಲಿನ ಮೈಕು ಅಕ್ಕಪಕ್ಕದ ಪ್ರೇಕ್ಷಕರ ಮಾತನ್ನೆಲ್ಲ ಹಿಡಿಯುತ್ತದೆ. "ಆ ಏಳನೇ ನಂಬರಿನವನನ್ನು ಯಾಕಾದರೂ ಆಡಿಸುತ್ತಾರೋ" ಎಂದು ಯಾರೋ ಅಂದದ್ದು ಮಂಗಳವಾರ ಇಡೀ ತಂಡದ ಮುಂದೆ, ಆ ಏಳನೇ ನಂಬರಿನ ಹುಡುಗನ ಮುಂದೆ ಕೇಳಿಸಬಾರದು. ತೋರಿಸುವ ಮುನ್ನ ಧ್ವನಿ ತೆಗೆದುಬಿಡಿ.

ಹಂತ 4: ಕಡತವನ್ನು ಜೋಪಾನ ಮಾಡಿ

ಅಂದೇ ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ. ದಿನಾಂಕ, ಎದುರಾಳಿ, ಯಾವ ಅರ್ಧ ಎಂದು ಹೆಸರಿಡಿ. ಹಳೆಯ ಪೆನ್‌ಡ್ರೈವ್‌ಗಳು ನಾಲ್ಕು ಜಿಬಿಗಿಂತ ದೊಡ್ಡ ಕಡತವನ್ನು ತೆಗೆದುಕೊಳ್ಳುವುದಿಲ್ಲ. ಅದನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ತೊಂದರೆ ತಪ್ಪುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ದೂರದ ಆಟಗಾರ ಬರೀ ಚುಕ್ಕೆಯಾಗುತ್ತಾನೆ.

ಹಂತ 5: ಮೊದಲ ಸುತ್ತು, ಗುರುತು ಹಾಕುವುದು

ಇದಕ್ಕೆ ಟ್ಯಾಗಿಂಗ್ ಎನ್ನುತ್ತಾರೆ. ಯಾವ ಹೊತ್ತಿಗೆ ಏನಾಯಿತು ಎಂದು ಪಟ್ಟಿ ಮಾಡುವುದು, ಅಷ್ಟೆ. ವಿಡಿಯೊ ಓಡಲಿ, ನಿಲ್ಲಿಸಿ ಚಿಂತಿಸಬೇಡಿ. ಎಡಗಡೆ ಸಮಯ, ಪಕ್ಕದಲ್ಲಿ ಒಂದೆರಡು ಅಕ್ಷರದ ಸಂಕೇತ, ಅದರಾಚೆ ಮೂರ್ನಾಲ್ಕು ಪದ. ನಾನು ಬಳಸುವ ಸಂಕೇತಗಳು ಇವು: ಕ ಎಂದರೆ ಚೆಂಡು ಕಳೆದುಕೊಂಡೆವು, ಗೆ ಎಂದರೆ ಗೆದ್ದುಕೊಂಡೆವು, ಬಾ ಎಂದರೆ ಎದುರಾಳಿಯ ಗೋಲಿನ ಮುಂದಿನ ಬಾಕ್ಸಿನೊಳಗೆ ಹೋದೆವು, ಹೊ ಎಂದರೆ ಗೋಲಿನತ್ತ ಹೊಡೆತ, ಸೆ ಎಂದರೆ ಸೆಟ್ ಪೀಸ್. ಸೆಟ್ ಪೀಸ್ ಎಂದರೆ ಕಾರ್ನರ್, ಫ್ರೀ ಕಿಕ್, ಥ್ರೋ ಇನ್‌ಗಳಂತೆ ನಿಂತ ಚೆಂಡಿನಿಂದ ಶುರುವಾಗುವ ಆಟ. ನನ್ನ ಪುಟ ಹೀಗಿರುತ್ತದೆ:

12:40 – ಕ – ಮಧ್ಯದಲ್ಲಿ, ಬೆನ್ನು ತಿರುಗಿಸಿದ್ದ
12:46 – ಗೆ – ಆರೇ ಸೆಕೆಂಡಿಗೆ, ಮೂವರು ಮುತ್ತಿದರು
15:05 – ಸೆ – ಅವರ ಕಾರ್ನರ್, ದೂರದ ಕಂಬ ಖಾಲಿ
19:22 – ಬಾ – ಎಡದಿಂದ, ಗೋಡೆ ಪಾಸ್

ಗೋಡೆ ಪಾಸ್ ಎಂದರೆ ಜೊತೆಗಾರನಿಗೆ ಚೆಂಡು ಕೊಟ್ಟು ಮುಂದೆ ಓಡಿ, ಅವನಿಂದ ತಕ್ಷಣ ಮರಳಿ ಪಡೆಯುವುದು. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದಕ್ಕೆ ಮಾತ್ರ ಗುರುತು ಹಾಕಿ. ಎಲ್ಲವನ್ನೂ ಬರೆಯಹೊರಟರೆ ಇಪ್ಪತ್ತನೇ ನಿಮಿಷಕ್ಕೆ ಕೈ ಸೋಲುತ್ತದೆ, ಮುಂದಿನ ವಾರ ನೋಟ್‌ಬುಕ್ ತೆರೆಯುವುದಿಲ್ಲ.

ಹಂತ 6: ಹತ್ತು ಸೆಕೆಂಡು ಹಿಂದಕ್ಕೆ

ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ನೆನಪಿಟ್ಟುಕೊಳ್ಳುತ್ತೀರಾದರೆ ಅದು ಇದಾಗಲಿ. ಗುರುತು ಹಾಕಿದ ಪ್ರತಿ ಜಾಗಕ್ಕೂ ಹೋಗಿ, ಅಲ್ಲಿಂದ ಹತ್ತು ಹದಿನೈದು ಸೆಕೆಂಡು ಹಿಂದೆ ಸರಿಯಿರಿ. ವಿಂಡೋಸ್‌ನ ವಿಎಲ್‌ಸಿಯಲ್ಲಿ ಆಲ್ಟ್ ಕೀಲಿಯ ಜೊತೆ ಎಡಬಾಣ ಒತ್ತಿದರೆ ಹತ್ತು ಸೆಕೆಂಡು, ಶಿಫ್ಟ್ ಜೊತೆ ಒತ್ತಿದರೆ ಮೂರು ಸೆಕೆಂಡು ಹಿಂದೆ ಹೋಗುತ್ತದೆ. ಇಂಗ್ಲಿಷಿನ ಇ ಅಕ್ಷರ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಸಾಗುತ್ತದೆ.

ಹದಿನೇಳರ ಕೆಳಗಿನ ಹುಡುಗರ ಒಂದು ಪಂದ್ಯದಿಂದ ಉದಾಹರಣೆ ಕೊಡುತ್ತೇನೆ. 34:10ಕ್ಕೆ ನಮ್ಮ ಮೇಲೆ ಗೋಲು ಬಿತ್ತು. ಅಂಚಿನಲ್ಲಿದ್ದವರೆಲ್ಲ ಬಲ ಫುಲ್‌ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್ ಹುಡುಗನನ್ನೇ ಬೈದರು, ಏಕೆಂದರೆ ಎಲ್ಲರ ಕಣ್ಣೆದುರೇ ಎದುರಾಳಿಯ ವಿಂಗರ್ (ಅಂಚಿನಿಂದ ದಾಳಿ ಮಾಡುವ ಆಟಗಾರ) ಅವನನ್ನು ದಾಟಿ ಹೋಗಿದ್ದ. ಹಿಂದಕ್ಕೆ ಹೋಗುತ್ತ ನೋಡಿ.

34:07. ವಿಂಗರ್ ಫುಲ್‌ಬ್ಯಾಕನ್ನು ದಾಟಿ ಅಂಚಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾನೆ. ಎಲ್ಲರೂ ಕಂಡದ್ದು ಇಷ್ಟು.

34:04. ವಿಂಗರ್‌ಗೆ ಚೆಂಡು ಸಿಗುವ ಕ್ಷಣ. ಫುಲ್‌ಬ್ಯಾಕ್ ಒಬ್ಬಂಟಿ. ಅವನ ಬೆನ್ನಿಗೆ ನೆರವಾಗಿ ಬರಬೇಕಾದ ಸೆಂಟರ್‌ಬ್ಯಾಕ್, ಅಂದರೆ ಮಧ್ಯದ ಡಿಫೆಂಡರ್, ಹದಿನೈದು ಮೀಟರ್ ಆಚೆ ನಿಂತಿದ್ದಾನೆ.

34:00. ಮೈದಾನದ ಮಧ್ಯದಲ್ಲಿ ನಾವು ಚೆಂಡು ಕಳೆದುಕೊಂಡೆವು. ಹತ್ತಿರದಲ್ಲೇ ನಮ್ಮ ಇಬ್ಬರಿದ್ದಾರೆ. ಒಬ್ಬ ನಡೆಯುತ್ತಿದ್ದಾನೆ, ಇನ್ನೊಬ್ಬ ಎರಡೂ ಕೈ ಚಾಚಿ ರೆಫರಿಯತ್ತ ಫೌಲ್ ಕೇಳುತ್ತಿದ್ದಾನೆ. ಅವನ ಹಿಂದಿನಿಂದ ಎದುರಾಳಿಯ ಮಿಡ್‌ಫೀಲ್ಡರ್ ತಲೆಯೆತ್ತಿ, ಯಾರ ಅಡ್ಡಿಯೂ ಇಲ್ಲದೆ, ಎಡಕ್ಕೆ ಉದ್ದನೆಯ ಪಾಸ್ ಕೊಡುತ್ತಾನೆ.

33:57. ಚೆಂಡು ಇನ್ನೂ ನಮ್ಮದೇ. ಅದನ್ನು ಹಿಡಿದವನಿಗೆ ಪಾಸ್ ಕೊಡಲು ದಾರಿಯಿಲ್ಲ. ಮುಂದಿರುವ ನಮ್ಮ ಇಬ್ಬರೂ ಒಂದೇ ಗೆರೆಯಲ್ಲಿ, ಎದುರಾಳಿಯ ಹಿಂದೆ ಮರೆಯಾಗಿ ನಿಂತಿದ್ದಾರೆ. ಎರಡು ಹೆಜ್ಜೆ ಪಕ್ಕಕ್ಕೆ ಬಂದಿದ್ದರೆ ಚೆಂಡು ಹೋಗುತ್ತಲೇ ಇರಲಿಲ್ಲ.

ಈಗ ಹೇಳಿ, ತಪ್ಪು ಯಾರದು? ಫುಲ್‌ಬ್ಯಾಕ್ ಈ ಸರಪಳಿಯ ಕೊನೆಯ ಕೊಂಡಿ. ಅವನಿಗೆ ಎಷ್ಟು ಡ್ರಿಲ್ ಮಾಡಿಸಿದರೂ ಮುಂದಿನ ಪಂದ್ಯದಲ್ಲಿ ಇದೇ ಗೋಲು ಮತ್ತೆ ಬೀಳುತ್ತದೆ. ಅಭ್ಯಾಸ ಬೇಕಾದದ್ದು ಎರಡು ಸಂಗತಿಗೆ: ಚೆಂಡು ಹಿಡಿದವನಿಗೆ ಕಾಣುವಂತೆ ಪಕ್ಕಕ್ಕೆ ಸರಿದು ನಿಲ್ಲುವುದು, ಚೆಂಡು ಹೋದ ತಕ್ಷಣ ಹತ್ತಿರದವನು ಮೇಲೆ ಬೀಳುವುದು. ಚೆಂಡು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗುವ ಈ ಕ್ಷಣಕ್ಕೆ ಟ್ರಾನ್ಸಿಷನ್ ಎಂದು ಹೆಸರು. ಚೆಂಡು ಹಿಡಿದ ಎದುರಾಳಿಯ ಮೇಲೆ ಒಟ್ಟಾಗಿ ಒತ್ತಡ ಹಾಕುವುದು ಪ್ರೆಸ್ಸಿಂಗ್. ನಾನು ನೋಡಿದ ಶಾಲಾ ಕಾಲೇಜು ತಂಡಗಳ ಗೋಲುಗಳಲ್ಲಿ ಹೆಚ್ಚಿನವು ಟ್ರಾನ್ಸಿಷನ್ನಿನ ಮೊದಲ ಐದಾರು ಸೆಕೆಂಡಿನ ಸಡಿಲಿಕೆಯಿಂದಲೇ ಹುಟ್ಟಿವೆ.

ಪ್ರತಿ ತುಣುಕಿನಲ್ಲೂ ಚೆಂಡನ್ನು ಕೈಯಿಂದ ಮರೆಮಾಡಿ ಒಮ್ಮೆ ನೋಡಿ. ಲ್ಯಾಪ್‌ಟಾಪಿನ ಪರದೆಯ ಮೇಲೆ ನಿಜವಾಗಿಯೂ ಹೆಬ್ಬೆರಳಿಡಿ. ಆಗ ಕಣ್ಣು ಖಾಲಿ ಜಾಗದತ್ತ ಹೋಗುತ್ತದೆ. 2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್ ತವರಿನಲ್ಲಿ ಬಾರ್ಸಿಲೋನಾ 6-2ರಿಂದ ಗೆದ್ದ ಪಂದ್ಯದ ಹಿಂದೆಯೂ ಇಂಥದೇ ನೋಟವಿತ್ತು. ಮ್ಯಾಡ್ರಿಡ್ ತಂಡದ ಹಳೆಯ ವಿಡಿಯೊಗಳನ್ನು ನೋಡುತ್ತಿದ್ದ ಬಾರ್ಸಿಲೋನಾದ ಅಂದಿನ ಕೋಚ್ ಪೆಪ್ ಗಾರ್ಡಿಯೋಲ, ಅವರ ಮಿಡ್‌ಫೀಲ್ಡರ್‌ಗಳು ಒತ್ತಡ ಹಾಕಲು ಮುಂದೆ ನುಗ್ಗಿದಾಗ ಸೆಂಟರ್‌ಬ್ಯಾಕ್‌ಗಳು ಹಿಂದೆಯೇ ಉಳಿಯುವುದನ್ನು ಕಂಡರು. ನಡುವೆ ದೊಡ್ಡ ಬಯಲು. ಪಂದ್ಯದ ಹಿಂದಿನ ರಾತ್ರಿ ಮೆಸ್ಸಿಯನ್ನು ಕರೆಸಿ ಆ ಬಯಲನ್ನು ತೋರಿಸಿದರು, ಮರುದಿನ ಅಲ್ಲೇ ಆಡಿಸಿದರು. ವಿಡಿಯೊದಲ್ಲಿ ಅವರು ಹುಡುಕಿದ್ದು ಚೆಂಡಿಲ್ಲದ ಜಾಗವನ್ನು.

ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯವಿದ್ದರೆ ಒಮ್ಮೆ ಮೇಲಿನ ಸಾಲಿನ ಟಿಕೆಟ್ ಕೊಂಡು ಹೋಗಿ. ಹತ್ತು ನಿಮಿಷ ಚೆಂಡನ್ನು ಬಿಟ್ಟು ಒಬ್ಬ ಸೆಂಟರ್‌ಬ್ಯಾಕನ್ನು ಮಾತ್ರ ನೋಡಿ. ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಂತ 7: ಎಣಿಸಿ, ಆದರೆ ಅಂಕಿಗೆ ಮರುಳಾಗಬೇಡಿ

ನೋಟ್‌ಬುಕ್ ಮುಗಿದ ಮೇಲೆ ಎಣಿಕೆ ಸುಲಭ. ಎಷ್ಟು ಸಲ ಚೆಂಡು ಹೋಯಿತು, ಅದರಲ್ಲಿ ಎಷ್ಟು ಸಲ ಐದು ಸೆಕೆಂಡಿನೊಳಗೆ ಮರಳಿ ಸಿಕ್ಕಿತು, ಅವು ಮೈದಾನದ ಯಾವ ಮೂರನೇ ಒಂದು ಭಾಗದಲ್ಲಿ ನಡೆದವು. ಒಂದು ಹಾಳೆಯ ಮೇಲೆ ಮೈದಾನದ ಚೌಕ ಬರೆದು, ಚೆಂಡು ಹೋದ ಜಾಗಗಳಲ್ಲಿ ಚುಕ್ಕೆ ಇಡಿ. ಚುಕ್ಕೆಗಳು ಗುಂಪುಗೂಡಿದ ಕಡೆ ನಿಮ್ಮ ಸಮಸ್ಯೆಯಿದೆ.

ಒಂದು ಪಂದ್ಯದ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ, ಮೂರು ನಾಲ್ಕು ಪಂದ್ಯ ಕೂಡಿಸಿ. ಒಟ್ಟು ಎಷ್ಟರಲ್ಲಿ ಎಂಬ ಭಾಗಿಸುವ ಸಂಖ್ಯೆಯನ್ನೂ ಮರೆಯಬೇಡಿ. ಈ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರಾದ ಚಾರ್ಲ್ಸ್ ರೀಪ್ ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿ. 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ತಂಡದ ಪಂದ್ಯವೊಂದರಲ್ಲಿ ಕೈಯಲ್ಲಿ ಪೆನ್ಸಿಲ್ ಹಿಡಿದು ಗುರುತು ಹಾಕತೊಡಗಿದವರು, ಮುಂದೆ ದಶಕಗಳ ಕಾಲ ಸಾವಿರಾರು ಪಂದ್ಯ ದಾಖಲಿಸಿದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳ ನಂತರವೇ ಬರುತ್ತವೆ, ಆದ್ದರಿಂದ ಚೆಂಡನ್ನು ಬೇಗ ಉದ್ದಕ್ಕೆ ಒದೆಯಿರಿ ಎಂಬುದು ಅವರ ತೀರ್ಮಾನ. ಎಣಿಕೆಯಲ್ಲಿ ಶ್ರದ್ಧೆಯಿತ್ತು. ಆದರೆ ಆಟದಲ್ಲಿ ಬಹುಪಾಲು ದಾಳಿಗಳು ಮೂರು ಪಾಸಿನೊಳಗೇ ಮುಗಿಯುತ್ತವೆ, ಹಾಗಾಗಿ ಗೋಲುಗಳೂ ಅಲ್ಲೇ ಹೆಚ್ಚಿರುವುದು ಸಹಜ ಎಂಬುದನ್ನು ನಂತರದವರು ತೋರಿಸಿಕೊಟ್ಟರು. ನಿಮ್ಮ ಎಡ ವಿಂಗಿನಿಂದ ಎಂಟು ಸಲ ಚೆಂಡು ಹೋಗಿದ್ದರೆ, ಆ ಕಡೆಯಿಂದ ಎಷ್ಟು ಸಲ ದಾಳಿ ಮಾಡಿದಿರಿ ಎಂಬುದನ್ನೂ ಎಣಿಸಿ. ಮೂವತ್ತರಲ್ಲಿ ಎಂಟು ಬೇರೆ, ಹತ್ತರಲ್ಲಿ ಎಂಟು ಬೇರೆ.

ಹಂತ 8: ಒಬ್ಬ ಆಟಗಾರನನ್ನು ಮಾತ್ರ ನೋಡುವುದು

ಇನ್ನೊಂದು ಮೊಬೈಲ್ ಸಿಕ್ಕರೆ ಒಬ್ಬ ಮಿಡ್‌ಫೀಲ್ಡರ್‌ನನ್ನು ಹತ್ತು ನಿಮಿಷ ಬಿಡದೆ ಹಿಂಬಾಲಿಸಿ. ಇಲ್ಲಿ ಹತ್ತಿರದ ಚಿತ್ರವೇ ಬೇಕು, ನೆಲದ ಮಟ್ಟದಿಂದ ತೆಗೆದರೂ ಸರಿ. ನೋಡಬೇಕಾದದ್ದು ಅವನ ಕುತ್ತಿಗೆಯನ್ನು. ಚೆಂಡು ಬರುವ ಮುಂಚಿನ ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಚೆಂಡಿನಿಂದ ಮುಖ ತಿರುಗಿಸಿ ಸುತ್ತ ನೋಡಿದ? ಇದಕ್ಕೆ ಸ್ಕ್ಯಾನಿಂಗ್ ಎನ್ನುತ್ತಾರೆ. ನಾರ್ವೆಯ ಗೈರ್ ಜಾರ್ಡೆಟ್ ಮತ್ತು ಸಂಗಡಿಗರು ಇಂಗ್ಲಿಷ್ ಪ್ರೀಮಿಯರ್ ಲೀಗಿನ 118 ಆಟಗಾರರನ್ನು ಹೀಗೆಯೇ ಗಮನಿಸಿದಾಗ, ಹೆಚ್ಚು ಸಲ ಸುತ್ತ ನೋಡುವವರ ಪಾಸುಗಳು ಹೆಚ್ಚು ಸಫಲವಾಗುವುದು ಕಂಡುಬಂತು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ: ಎಷ್ಟು ಸಲ ನೋಡಿದ, ಚೆಂಡು ಸಿಕ್ಕಮೇಲೆ ಮುಂದಕ್ಕೆ ತಿರುಗಿದನೋ ಹಿಂದಕ್ಕೆ ಕೊಟ್ಟನೋ. ಹತ್ತು ಸಾಲು ಬರೆದು ಹುಡುಗನ ಕೈಗೆ ಕೊಡಿ, ಅವನೇ ಅರ್ಥ ಮಾಡಿಕೊಳ್ಳುತ್ತಾನೆ.

ಒದೆಯುವ ಶೈಲಿ ತಿದ್ದುವುದಾದರೆ ಮೊಬೈಲಿನ ಸ್ಲೋ ಮೋಷನ್ ಬಳಸಿ, ಕಿನೋವಿಯಾದಲ್ಲಿ ತೆರೆಯಿರಿ. ಊರುವ ಕಾಲು ಚೆಂಡಿನ ಪಕ್ಕದಲ್ಲಿದೆಯೋ ಹಿಂದೆ ಉಳಿದಿದೆಯೋ, ಎದೆ ಚೆಂಡಿನ ಮೇಲೆ ಬಾಗಿದೆಯೋ ಹಿಂದಕ್ಕೆ ವಾಲಿದೆಯೋ ನೋಡಿ. ಹೊಡೆತ ಗೋಲಿನ ಅಡ್ಡಕಂಬದ ಮೇಲಿಂದ ಹಾರಿಹೋಗುವ ಹುಡುಗರಲ್ಲಿ ಈ ಎರಡರಲ್ಲೊಂದು ಹೆಚ್ಚಾಗಿ ಸಿಕ್ಕೇ ಸಿಗುತ್ತದೆ. ಕ್ಯಾಮೆರಾ ಒದೆಯುವ ದಿಕ್ಕಿಗೆ ಸರಿಯಾಗಿ ಪಕ್ಕದಲ್ಲಿರಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ಅಳೆದ ಕೋನಗಳು ಸುಳ್ಳು ಹೇಳುತ್ತವೆ.

ಹಂತ 9: ತಂಡಕ್ಕೆ ತೋರಿಸುವುದು

ಸೋತ ರಾತ್ರಿ ತೋರಿಸಬೇಡಿ. ಎರಡು ದಿನ ಕಳೆಯಲಿ.

ಹದಿನೈದು ನಿಮಿಷ ಮೀರಬೇಡಿ, ತುಣುಕುಗಳು ಐದಾರು ಸಾಕು, ಒಂದೊಂದೂ ಇಪ್ಪತ್ತು ಮೂವತ್ತು ಸೆಕೆಂಡಿನದು. ಮೊದಲ ಎರಡು ತುಣುಕು ಚೆನ್ನಾಗಿ ಆಡಿದ್ದೇ ಇರಲಿ, ಅದೂ ಇವತ್ತಿನ ಪ್ರಶ್ನೆಗೆ ಸಂಬಂಧಿಸಿದ್ದು. 12:46ರಲ್ಲಿ ಮೂವರು ಮುತ್ತಿ ಚೆಂಡು ಕಿತ್ತುಕೊಂಡದ್ದನ್ನು ತೋರಿಸಿದ ಮೇಲೆ 34:00ರಲ್ಲಿ ನಿಂತು ನೋಡಿದ್ದನ್ನು ತೋರಿಸಿದರೆ, ನೀವು ಬಾಯಿ ಬಿಡುವ ಮುಂಚೆಯೇ ಹುಡುಗರಿಗೆ ತಿಳಿದಿರುತ್ತದೆ. ಇದು ತಾವು ಮಾಡಬಲ್ಲ ಕೆಲಸ, ಮಾಡಿಯೂ ತೋರಿಸಿದ ಕೆಲಸ ಎಂಬುದು ಅವರ ಕಣ್ಣಮುಂದೆಯೇ ಇರುತ್ತದೆ.

ತುಣುಕನ್ನು ನಿರ್ಣಾಯಕ ಕ್ಷಣದಲ್ಲಿ ನಿಲ್ಲಿಸಿ ಕೇಳಿ: "ಇಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?" ಕಾಯಿರಿ. ಮೌನ ಹತ್ತು ಸೆಕೆಂಡು ಇದ್ದರೂ ಕಾಯಿರಿ. ಉತ್ತರ ಅವರ ಬಾಯಿಂದ ಬಂದರೆ ಮೈದಾನಕ್ಕೂ ಅವರ ಜೊತೆ ಹೋಗುತ್ತದೆ. ಡಿಫೆಂಡರ್‌ಗಳ ತುಣುಕನ್ನು ಡಿಫೆಂಡರ್‌ಗಳಿಗೇ ನಾಲ್ಕೈದು ಮಂದಿಯ ಗುಂಪಿನಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು. ಹದಿನೆಂಟು ಹುಡುಗರು ಒಂದು ಸಣ್ಣ ಲ್ಯಾಪ್‌ಟಾಪಿನ ಸುತ್ತ ತಳ್ಳಾಡುವಾಗ ಯಾರಿಗೂ ಏನೂ ಕಾಣುವುದಿಲ್ಲ.

ಒಬ್ಬನದೇ ತಪ್ಪಾದರೆ ಅವನಿಗೆ ಒಬ್ಬನಿಗೇ, ಬದಿಗೆ ಕರೆದು ತೋರಿಸಿ. ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ತಪ್ಪಿನ ತುಣುಕು ಹಾಕಬೇಡಿ, ಎಂದೂ ಹಾಕಬೇಡಿ. ಅದು ಅಲ್ಲಿಂದ ತರಗತಿಗೆ ಹೋಗುತ್ತದೆ, ತರಗತಿಯಿಂದ ಊರಿಗೆ ಹೋಗುತ್ತದೆ. ಹೀಗೆ ನಗೆಪಾಟಲಾದ ಒಬ್ಬ ಗೋಲ್‌ಕೀಪರ್ ಹುಡುಗ ಕೈಗವಸು ಬಿಚ್ಚಿಟ್ಟು ಆಟವನ್ನೇ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ವಿಡಿಯೊ ಎಂದರೆ ಬೈಗುಳ ಎಂದು ಒಮ್ಮೆ ಮಕ್ಕಳ ಮನಸ್ಸಿನಲ್ಲಿ ಕೂತರೆ, ಕ್ಯಾಮೆರಾ ಕಂಡ ದಿನ ಅವರು ಕಷ್ಟದ ಪಾಸ್ ಕೊಡಲು ಹೆದರುತ್ತಾರೆ.

ಹಂತ 10: ಅಲ್ಲಿಂದ ಮೈದಾನಕ್ಕೆ

ತೋರಿಸಿದ ದಿನವೇ, ಸಾಧ್ಯವಾದರೆ ಮುಂದಿನ ಅರ್ಧ ಗಂಟೆಯಲ್ಲೇ ಅದರ ಅಭ್ಯಾಸ ನಡೆಯಬೇಕು. ಮೇಲಿನ ಉದಾಹರಣೆಗೆ ನಾವು ಮಾಡಿದ್ದು ಹೀಗೆ: ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಚೌಕದಲ್ಲಿ ಐವರ ಎದುರು ಐವರು. ಚೆಂಡು ಕಳೆದುಕೊಂಡ ತಂಡ ಐದು ಸೆಕೆಂಡಿನಲ್ಲಿ ಮರಳಿ ಗೆದ್ದರೆ ಒಂದು ಅಂಕ. ಕೋಚ್ ಗಟ್ಟಿಯಾಗಿ ಎಣಿಸುತ್ತಾರೆ, ಒಂದು, ಎರಡು, ಮೂರು. ರೆಫರಿ ಇಲ್ಲ, ಫೌಲ್ ಕೇಳುವಂತಿಲ್ಲ. ಎಂಟು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಮೂರು ಸುತ್ತು.

ಈ ಅಭ್ಯಾಸವನ್ನೂ ಐದು ನಿಮಿಷ ಚಿತ್ರೀಕರಿಸಿ ಇಟ್ಟುಕೊಳ್ಳಿ. ಅದೇ ಪ್ರಶ್ನೆಯ ಚೀಟಿಯನ್ನು ಮುಂದಿನ ಮೂರು ಪಂದ್ಯಗಳಿಗೂ ಬದಲಿಸಬೇಡಿ. ವಾರಕ್ಕೊಂದು ಹೊಸ ಪ್ರಶ್ನೆ ಹಿಡಿಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ನಾಲ್ಕನೇ ಪಂದ್ಯವಾದ ಮೇಲೆ ಮೊದಲ ಪಂದ್ಯದ ಪುಟವನ್ನೂ ಅದರ ಪುಟವನ್ನೂ ಪಕ್ಕಪಕ್ಕ ಇಟ್ಟು, ಕ ಎಂದು ಬರೆದ ಸಾಲುಗಳ ಕೆಳಗೆ ಐದಾರು ಸೆಕೆಂಡಿನೊಳಗೆ ಗೆ ಬಂದದ್ದು ಎಷ್ಟು ಎಂದು ಎಣಿಸಿ. ಹೆಚ್ಚಾಗಿದ್ದರೆ ಆ ಹಾಳೆಯನ್ನು ಹುಡುಗರಿಗೇ ತೋರಿಸಿ, ಹೊಸ ಪ್ರಶ್ನೆ ಬರೆಯಿರಿ. ಹೆಚ್ಚಾಗದಿದ್ದರೆ ಬದಲಿಸಬೇಕಾದದ್ದು ಅಭ್ಯಾಸವನ್ನು. ಪ್ರಶ್ನೆ ಹಾಗೆಯೇ ಇರಲಿ, ಚೌಕವನ್ನು ಸ್ವಲ್ಪ ಕಿರಿದು ಮಾಡಿ, ಮತ್ತೆ ಮೂರು ವಾರ ಆಡಿಸಿ.